ಅರ್ಧ ಚೀಲ ಯೂರಿಯಾಕ್ಕೆ ಹತ್ತು ಲಕ್ಷ ಲೀಟರ್ ನೀರು

2022ರ ಸೆಪ್ಟೆಂಬರಿನಲ್ಲಿ ನಮ್ಮ ವಾಣಿವಿಲಾಸ ಸಾಗರ ಕೋಡಿ ಬಿತ್ತು. 1933ರ ನಂತರ ಅದೇ ಮೊದಲು. ಊರಿಗೆ ಊರೇ ನೋಡಕ್ಕೆ ಹೋಗಿತ್ತು. ನಮ್ಮ ಮನೆ ಹಿಂದಿನ ಬೋರಿನಲ್ಲೂ ನೀರು ಮೇಲೆ ಬಂತು.

ಮಾರನೇ ವರ್ಷ ಮಗಳು ಬಾಣಂತನಕ್ಕೆ ಬಂದಳು. ತಾಯಿ ಹಾಲು ಸಾಲದೆ ಕೂಸಿಗೆ ಪುಡಿ ಹಾಲು ಕಲಸಿ ಕೊಡುತ್ತಿದ್ದೆವು. ಮನೆಗೆ ಬಂದ ಆಶಾ ಕಾರ್ಯಕರ್ತೆ 'ಯಾವ ನೀರಣ್ಣ ಹಾಕ್ತೀರಿ?' ಅಂತ ಕೇಳಿ, ನೀರನ್ನು ಪರೀಕ್ಷೆಗೆ ಕಳಿಸಲು ಹೇಳಿದರು. ಲೀಟರಿಗೆ 90 ಮಿಲಿಗ್ರಾಂ ನೈಟ್ರೇಟ್ ಅಂತ ಬಂತು. ಕುಡಿಯುವ ನೀರಿಗೆ ನಮ್ಮ ದೇಶದಲ್ಲಿ ಇಟ್ಟಿರುವ ಮಿತಿ 45.

'ಕಾಯಿಸಿ ಕೊಟ್ಟರೆ ಆಗಲ್ವಾ?' ಅಂದೆ. ಆಗಲ್ಲ. ಕಾಯಿಸಿದರೆ ನೀರು ಆವಿಯಾಗಿ ನೈಟ್ರೇಟ್ ಇನ್ನೂ ಗಟ್ಟಿಯಾಗುತ್ತೆ. ಆರು ತಿಂಗಳೊಳಗಿನ ಕೂಸಿನ ಮೈಗೆ ಅದು ಹೆಚ್ಚು ಸೇರಿದರೆ ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಕುಂದಿ ಮೈ ನೀಲಿಗಟ್ಟುತ್ತೆ. ಅವತ್ತಿನಿಂದ ಕೂಸಿಗೆ ಶುದ್ಧ ನೀರಿನ ಘಟಕದ ಕ್ಯಾನು. ಬೋರು ನಂದು, ಗೊಬ್ಬರ ನಂದು. ಬೈಯಕ್ಕೆ ಬೇರೆ ಯಾರೂ ಸಿಗಲಿಲ್ಲ.

ನದಿಗೂ ಲೆಕ್ಕ ಇದೆ

ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋದಾಗ ಅಲ್ಲಿನವರೊಬ್ಬರು ಬಿಡಿಸಿ ಹೇಳಿದರು. ಯೂರಿಯಾ ಹಸಿ ಮಣ್ಣಿಗೆ ಬಿದ್ದ ಒಂದೆರಡು ವಾರದಲ್ಲಿ ಬಹುಪಾಲು ನೈಟ್ರೇಟ್ ಆಗುತ್ತೆ. ನೈಟ್ರೇಟನ್ನು ಮಣ್ಣು ಹಿಡಿದಿಟ್ಟುಕೊಳ್ಳಲ್ಲ. ನೀರು ಇಳಿದ ಕಡೆ ಇದೂ ಇಳಿಯುತ್ತೆ. ನನ್ನ ಹೊಲದ್ದು ಹಳ್ಳಕ್ಕೆ, ಹಳ್ಳದ್ದು ವೇದಾವತಿಗೆ, ವೇದಾವತಿಯದ್ದು ತುಂಗಭದ್ರೆಗೆ.

ಇದನ್ನು ತಡೆಯುವ ದಾರಿ ಹುಡುಕಲು ವಿಜ್ಞಾನಿಗಳು ಇಡೀ ನದಿ ಕಣಿವೆಯನ್ನು ಕಂಪ್ಯೂಟರಿನಲ್ಲಿ ತುಂಡು ತುಂಡು ಮಾಡುತ್ತಾರಂತೆ. ಒಂದೊಂದು ತುಂಡಿನ ಮಣ್ಣು, ಇಳಿಜಾರು, ಬೆಳೆ, ಗೊಬ್ಬರ, ದಿನದಿನದ ಮಳೆ ಎಲ್ಲ ತುಂಬಿ, 'ಗೊಬ್ಬರ ಇಷ್ಟು ಇಳಿಸಿದರೆ ಏನಾಗುತ್ತೆ? ಬದುವಿನಲ್ಲಿ ಹುಲ್ಲು ಬೆಳೆಸಿದರೆ?' ಅಂತ ಒಂದೊಂದೇ ಬದಲಿಸಿ ನೋಡುತ್ತಾರೆ. ಅಮೆರಿಕದ ಕೃಷಿ ಇಲಾಖೆಯವರು 1990ರ ದಶಕದಲ್ಲಿ ಮಾಡಿದ 'ಸ್ವಾಟ್' ಇಂಥದ್ದೇ ಒಂದು.

ಡೆನ್ಮಾರ್ಕಿನಲ್ಲಿ ಸೋರಿಕೆಯನ್ನು ಅರ್ಧಕ್ಕೆ ಇಳಿಸಬೇಕೆಂದು 1987ರಲ್ಲಿ ಯೋಜನೆ ಹಾಕಿದರು. ರೈತರು ಗೊಬ್ಬರದ ಲೆಕ್ಕ ಬರೆದಿಡಬೇಕಾಯಿತು. ಸಗಣಿ ಗೊಬ್ಬರಕ್ಕೆ ಸೋರದ ತೊಟ್ಟಿ ಬಂತು. ಕೊಯ್ಲಾದ ಹೊಲವನ್ನು ಬರಿದಾಗಿ ಬಿಡದೆ ಹಸಿರು ಬೆಳೆ ಹಾಕಿದರು. 2003ರ ಹೊತ್ತಿಗೆ ಸೋರಿಕೆ ಹತ್ತಿರ ಹತ್ತಿರ ಅರ್ಧ ಆಯಿತು.

ನನ್ನ ನೋಟ್ ಬುಕ್ಕಿನ ಲೆಕ್ಕ

ನನ್ನ ಹತ್ತಿರ ಕಂಪ್ಯೂಟರಿಲ್ಲ. ಏಳನೇ ಕ್ಲಾಸಿನ ಲೆಕ್ಕ ಸಾಕಾಯಿತು. ಮೂರು ಎಕರೆ ಮಳೆಯಾಶ್ರಿತ ರಾಗಿ. ಎಕರೆಯ ಲೆಕ್ಕ ಹೀಗೆ:

ಒಳಗೆ ಹೋದದ್ದು: 45 ಕಿಲೋ ಚೀಲದ ಯೂರಿಯಾ ಎರಡು, ಅಂದರೆ 41 ಕಿಲೋ ಸಾರಜನಕ. ಕೊಟ್ಟಿಗೆ ಗೊಬ್ಬರ 2 ಟನ್, ಸುಮಾರು 10 ಕಿಲೋ. ಒಟ್ಟು 51.

ಹೊರಗೆ ಬಂದದ್ದು: 8 ಕ್ವಿಂಟಾಲ್ ರಾಗಿಯಲ್ಲಿ ಸುಮಾರು 9 ಕಿಲೋ, ಹುಲ್ಲಿನಲ್ಲಿ ಅಂದಾಜು 6. ಒಟ್ಟು 15.

ಉಳಿದದ್ದು 36 ಕಿಲೋ! ಅಷ್ಟೂ ನೀರಿಗೇ ಹೋಗಲ್ಲ. ಒಂದಿಷ್ಟು ಗಾಳಿಗೆ, ಒಂದಿಷ್ಟು ಮಣ್ಣಲ್ಲೇ. ಮೂರರಲ್ಲಿ ಒಂದು ಪಾಲು ಇಳಿಯಿತು ಅಂತ ಇಟ್ಟುಕೊಂಡರೂ 12 ಕಿಲೋ. ಬರೀ 10 ಕಿಲೋ ಸಾರಜನಕ ನೈಟ್ರೇಟ್ ಆದರೆ ಸುಮಾರು 44 ಕಿಲೋ ಆಗುತ್ತೆ. ಹತ್ತಿರ ಹತ್ತಿರ ಹತ್ತು ಲಕ್ಷ ಲೀಟರ್ ಒಳ್ಳೇ ನೀರನ್ನು 45ರ ಮಿತಿಗೆ ತಂದು ನಿಲ್ಲಿಸಲು ಅಷ್ಟು ಸಾಕು. ಐದು ಸಾವಿರ ಲೀಟರಿನ ಟ್ಯಾಂಕರು ಇನ್ನೂರು! ಕಾರಣ ಅರ್ಧ ಚೀಲ ಯೂರಿಯಾ.

ಒಂದೊಂದೇ ಬದಲಿಸಿದೆ

ಮೊದಲು ಯೂರಿಯಾ. ಮಳೆಯಾಶ್ರಿತ ರಾಗಿಗೆ ಶಿಫಾರಸು ಹೆಕ್ಟೇರಿಗೆ 50 ಕಿಲೋ ಸಾರಜನಕ, ಅಂದರೆ ಎಕರೆಗೆ ಒಂದು ಚೀಲ. ನಾನು ಎರಡು ಸುರಿಯುತ್ತಿದ್ದೆ. ಒಂದಕ್ಕೆ ಇಳಿಸಿದರೆ ಉಳಿಯುವುದು 36ರ ಬದಲು 16. ಅದನ್ನೂ ಬಿತ್ತುವಾಗ ಅರ್ಧ, ತಿಂಗಳಾದ ಮೇಲೆ ಹದ ನೋಡಿ ಎಡೆಕುಂಟೆ ಹೊಡೆಯುವಾಗ ಅರ್ಧ ಕೊಟ್ಟೆ. ಜೋರು ಮಳೆ ಬರುವ ಹಂಗಿದ್ದರೆ ಚೀಲ ಬಿಚ್ಚಲಿಲ್ಲ.

ಎರಡನೇದು ತಿಪ್ಪೆ. ಇದೇ ನನ್ನ ಕಣ್ಣು ತೆರೆಸಿದ್ದು. ಬೋರಿಗೆ ಮೂವತ್ತು ಹೆಜ್ಜೆ ಮೇಲ್ಗಡೆ ನಮ್ಮ ತಿಪ್ಪೆಗುಂಡಿ! ವರ್ಷಕ್ಕೆ 6 ಟನ್ ಗೊಬ್ಬರ, ಅದರಲ್ಲಿ 30 ಕಿಲೋ ಸಾರಜನಕ. ಕಾಲು ಭಾಗ ಸೋರಿದರೂ 7 ಕಿಲೋ ಬೋರಿನ ಬಾಯಿಗೇ. ತಿಪ್ಪೆಯನ್ನು ಇಳಿಜಾರಿನ ಕೆಳಕ್ಕೆ ಹಾಕಿ, ತಳಕ್ಕೆ ಜೇಡಿಮಣ್ಣು ಬಡಿದು, ಮೇಲೆ ತೆಂಗಿನ ಗರಿ ಹೊದಿಸಿದೆ. ಬಚ್ಚಲ ನೀರು, ಪಾಯಿಖಾನೆ ಗುಂಡಿಗೂ ಇದೇ ಮಾತು.

ಮೂರನೇದು ಅಪ್ಪನ ಕಾಲದ ಅಕ್ಕಡಿ. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ. ರಾಗಿ ಕೊಯ್ದ ಮೇಲೂ ತೊಗರಿ ನಿಂತಿರುತ್ತೆ. ಅದರ ಬೇರು ಆಳಕ್ಕೆ ಹೋಗಿ, ಕೆಳಗಿಳಿಯುವುದನ್ನು ಒಂದಿಷ್ಟು ಹಿಡಿಯುತ್ತೆ.

ಏನಾಯಿತು?

ಮೊದಲ ವರ್ಷ ರಾಗಿ ಎಕರೆಗೆ ಅರ್ಧ ಚೀಲ ಕಡಿಮೆ ಬಂತು. ಮನೆಯವಳು 'ನಿಮ್ಮ ಲೆಕ್ಕ ನೀವೇ ಉಣ್ಣಿ' ಅಂದಳು. ಎರಡನೇ ವರ್ಷ ಮೊದಲಿನಷ್ಟೇ ಆಯಿತು, ತೊಗರಿ ಲಾಭಕ್ಕೆ. ಬೋರಿನ ನೀರು ಇನ್ನೂ 70ರಲ್ಲಿದೆ. ವರ್ಷಗಟ್ಟಲೆ ಇಳಿದದ್ದು ಎರಡು ವರ್ಷಕ್ಕೆ ತೊಳೆದು ಹೋಗಲ್ಲ. ಕುಡಿಯಕ್ಕೆ ಈಗಲೂ ಕ್ಯಾನೇ.

ನೀರಾವರಿ ಇರುವವರಿಗೆ ಒಂದು ಮಾತು. ನೈಟ್ರೇಟ್ 90 ಇರುವ ನೀರನ್ನು ಎಕರೆಗೆ ಒಂದು ಇಂಚು ಕಟ್ಟಿದರೆ, ಆ ನೀರಿನಲ್ಲೇ 2 ಕಿಲೋ ಸಾರಜನಕ ಹೋಗುತ್ತೆ. ನೀರು ಪರೀಕ್ಷೆ ಮಾಡಿಸಿ, ಅಷ್ಟನ್ನು ಗೊಬ್ಬರದಲ್ಲಿ ಕಳೆಯಿರಿ. ಅದು ನೀವು ದುಡ್ಡು ಕೊಟ್ಟು ಕಳಕೊಂಡದ್ದೇ.

ಈ ಸಲ ಗೊಬ್ಬರದ ಅಂಗಡಿಗೆ ಹೋಗುವ ಮೊದಲು ಒಂದು ಹಾಳೆಯಲ್ಲಿ ಒಳಗೆ ಹೋಗುವುದು, ಹೊರಗೆ ಬರುವುದು ಬರೆದು ನೋಡಿ. ಹಳ್ಳದ ಆಚೆ ಈಚೆ ಇರುವವರೆಲ್ಲ ಬರೆದು ಕೂಡಿಸಿದರೆ, ಅದೇ ನಮ್ಮ ನದಿಯ ಲೆಕ್ಕ.