ಸೂಜಿಗೆ ಕಾಲು ಚಾಚುವ ಮುನ್ನ

ದಾವಣಗೆರೆಯಲ್ಲಿ ಮಂಡಿ ನೋವಿಗೆ ಕಾರಣ ಹುಡುಕಿಕೊಂಡು ಹೋಗಬೇಕಿಲ್ಲ. ಬೆಣ್ಣೆ ದೋಸೆ ಹೊಯ್ಯುವವರು ಬೆಳಗಿನಿಂದ ಕಾವಲಿ ಮುಂದೆ ನಿಂತೇ ಇರುತ್ತಾರೆ. ಮಂಡಕ್ಕಿ ಭಟ್ಟಿಯಲ್ಲಿ ಬಗ್ಗಿ ಎದ್ದವರಿಗೆ ಸೊಂಟ, ಹರಿಹರದಿಂದ ದಿನಾ ಬೈಕಿನಲ್ಲಿ ಬಂದು ಹೋಗುವವರಿಗೆ ಕತ್ತು. ಮಾತ್ರೆ, ಮುಲಾಮು ಎಲ್ಲ ಆದ ಮೇಲೆ ಯಾರೋ ಹೇಳುತ್ತಾರೆ: ‘ಒಂದ್ಸಲ ಸೂಜಿ ಚುಚ್ಚಿಸ್ಕೊಂಡು ನೋಡ್ರಿ.’

ಇರೋ ನೋವಿನ ಮೇಲೆ ಇನ್ನೊಂದು ನೋವೇ?

ಅಕ್ಯುಪಂಕ್ಚರ್ ಸೂಜಿ ಇಂಜೆಕ್ಷನ್ನಿನದರಂತೆ ಟೊಳ್ಳಲ್ಲ, ಅದರಿಂದ ಔಷಧ ಒಳಹೋಗುವುದೂ ಇಲ್ಲ. ಸುಮಾರು 0.25 ಮಿಲಿಮೀಟರ್ ದಪ್ಪದ ಸ್ಟೀಲ್ ಎಳೆ ಅಷ್ಟೆ. ಮಂಡಿ ನೋವಿಗೆ ಹೆಚ್ಚಾಗಿ ಬಳಸುವ ಬಿಂದು ‘ಜು ಸಾನ್ ಲಿ’. ಮಂಡಿಚಿಪ್ಪಿನಿಂದ ನಾಲ್ಕು ಬೆರಳು ಕೆಳಗೆ, ಕಾಲಿನ ಮುಂದಿನ ಎಲುಬಿನಿಂದ ಒಂದು ಬೆರಳು ಹೊರಗೆ. ಅಳತೆಯ ಬೆರಳು ವೈದ್ಯರದಲ್ಲ, ರೋಗಿಯದೇ. ನಮ್ಮ ಗೇಣು, ಮೊಳದ ಲೆಕ್ಕದ ಹಾಗೆ. ಸೂಜಿ ಇಳಿದಾಗ ಉರಿಗಿಂತ ಹೆಚ್ಚಾಗಿ ಜೋಮು, ಭಾರ ಅನ್ನಿಸುತ್ತದೆ. ಇಪ್ಪತ್ತು–ಮೂವತ್ತು ನಿಮಿಷ ಹಾಗೇ ಮಲಗಿರಬೇಕು. ಎಷ್ಟೋ ಜನ ನಿದ್ದೆಯನ್ನೇ ಹೋಗುತ್ತಾರೆ.

ಚೀನಾದ ಈ ಸೂಜಿ ವಿದ್ಯೆ ಭಾರತಕ್ಕೆ ಬಂದ ಕತೆಯೂ ಇದೆ. 1938ರಲ್ಲಿ ಯುದ್ಧಪೀಡಿತ ಚೀನಾಕ್ಕೆ ಹೋದ ಭಾರತದ ಐವರು ವೈದ್ಯರಲ್ಲಿ ಸೊಲ್ಲಾಪುರದ ದ್ವಾರಕಾನಾಥ ಕೋಟ್ನಿಸ್ ಒಬ್ಬರು. ಅವರು 1942ರಲ್ಲಿ ಅಲ್ಲೇ ತೀರಿಕೊಂಡರು. ಅದೇ ತಂಡದ ಬಿ.ಕೆ. ಬಸು 1950ರ ದಶಕದ ಕೊನೆಗೆ ಮತ್ತೆ ಹೋಗಿ ಈ ವಿದ್ಯೆ ಕಲಿತು ಬಂದು ಕೋಲ್ಕತ್ತದಲ್ಲಿ ಸೂಜಿ ಹಿಡಿದರು. ನಮ್ಮಲ್ಲಿ ಇದು ಹೆಚ್ಚಾಗಿ ಪ್ರಕೃತಿ ಚಿಕಿತ್ಸೆಯ ಜೊತೆ ಬಂತು. 1989ರಲ್ಲಿ ಶುರುವಾದ ಉಜಿರೆಯ ಎಸ್‌ಡಿಎಂ ಪ್ರಕೃತಿ ಚಿಕಿತ್ಸಾ ಕಾಲೇಜಿನಂಥ ಕಡೆ ಕಲಿಸುವ ಐದೂವರೆ ವರ್ಷದ ಬಿಎನ್‌ವೈಎಸ್ (ಪ್ರಕೃತಿ ಚಿಕಿತ್ಸೆ ಮತ್ತು ಯೋಗ) ಪದವಿಯಲ್ಲಿ ಅಕ್ಯುಪಂಕ್ಚರ್ ಕೂಡ ಪಾಠ. ಬೋರ್ಡು ನೋಡಿ ಒಳಹೋಗುವ ಮುಂಚೆ ಚುಚ್ಚುವವರು ಏನು ಓದಿದ್ದಾರೆ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಗುಣ ಆಗುತ್ತದೆಯೇ? ಆಪರೇಷನ್ ನಂತರದ ವಾಕರಿಕೆಗೆ ಒಳ್ಳೆಯ ಪುರಾವೆ ಇದೆ. ಮಂಡಿ, ಸೊಂಟದ ನೋವು ಹಲವರಿಗೆ ಇಳಿದಿದೆ, ಆದರೆ ಚುಚ್ಚಿದಂತೆ ತೋರಿಸುವ ಸುಳ್ಳು ಸೂಜಿಯೊಂದಿಗೆ ಹೋಲಿಸಿ ನೋಡಿದಾಗ ವ್ಯತ್ಯಾಸ ಸಣ್ಣದು. ಸವೆದ ಕೀಲು ಮೊದಲಿನಂತಾಗದು. ಸಕ್ಕರೆ ಕಾಯಿಲೆ ಬೇರುಸಹಿತ ಹೋಗುತ್ತದೆ ಎನ್ನುವವರ ಮಾತು ಕೇಳಿ ಮಾತ್ರೆ ಬಿಟ್ಟರೆ ಕೆಟ್ಟಿರಿ.

ರಕ್ತ ತೆಳುವಾಗಿಸುವ ಮಾತ್ರೆ, ಗರ್ಭ, ಪೇಸ್‌ಮೇಕರ್ ಇದ್ದರೆ ಮೊದಲೇ ಹೇಳಬೇಕು. ಖಾಲಿ ಹೊಟ್ಟೆಯಲ್ಲಿ ಹೋದರೆ ತಲೆ ಸುತ್ತೀತು. ಹೊಸ ಸೂಜಿಯ ಪ್ಯಾಕೆಟ್ಟನ್ನು ಕಣ್ಣೆದುರೇ ಒಡೆಯಲಿ. ಏಳುವಾಗ, ಚುಚ್ಚಿದಷ್ಟೂ ಹೊರಬಂದವೇ ಎಂದು ಎಣಿಸಿಕೊಳ್ಳಿ. ಕೂದಲ ಮರೆಯಲ್ಲಿ ಒಂದು ಉಳಿದುಬಿಡಬಹುದು.