ರಾತ್ರಿ ಪಾಳಿಯ ಸಂಬಳ ಯಾರ ಗಂಟಿನದು?

ಗುಣವಾಗುವ ಭರವಸೆಯಿಲ್ಲದ ಕಾಯಿಲೆಗೆ ತುತ್ತಾದ ಮಕ್ಕಳ ನೋವು, ಉಬ್ಬಸ, ಸೆಳೆತಗಳನ್ನು ತಗ್ಗಿಸಿ, ಇರುವಷ್ಟು ದಿನ ಅವರು ಹಗುರಾಗಿ ಇರುವಂತೆ ನೋಡಿಕೊಳ್ಳುವ ವೈದ್ಯಕೀಯ ಶಾಖೆಗೆ ಮಕ್ಕಳ ಉಪಶಾಮಕ ಆರೈಕೆ ಎಂದು ಹೆಸರು. ಬ್ರಿಟನ್ನಿನಲ್ಲಿ ಈ ಆರೈಕೆಗೆ ಮೊದಲ ಸೂರು ಸಿಕ್ಕಿದ್ದು ವೈದ್ಯಕೀಯ ಕಾಲೇಜಿನಲ್ಲಲ್ಲ, ಸರಕಾರದ ಯೋಜನೆಯಲ್ಲೂ ಅಲ್ಲ. ಆಕ್ಸ್‌ಫರ್ಡ್ ನಗರದ ಕ್ರೈಸ್ತ ಸನ್ಯಾಸಿನಿಯರ ಮಠವೊಂದರ ತೋಟದಲ್ಲಿ. ಅದರ ವೈದ್ಯವಿದ್ಯೆ ಅಂದಿನಿಂದ ಬಹುದೂರ ಸಾಗಿ ಬಂದಿದ್ದರೂ ಹಣಕಾಸು ಮಾತ್ರ ಆ ತೋಟದಿಂದ ಹೆಚ್ಚು ದೂರ ಬಂದಿಲ್ಲ.

ಸಾವಿನಂಚಿನ ರೋಗಿಗಳ ಆರೈಕೆಗೆಂದೇ ಮೀಸಲಾದ ‘ಹಾಸ್ಪಿಸ್’ ಎಂಬ ಮನೆಯ ಆಧುನಿಕ ರೂಪವನ್ನು ವೈದ್ಯೆ ಸಿಸಿಲಿ ಸಾಂಡರ್ಸ್ 1967ರಲ್ಲಿ ಲಂಡನ್ನಿನಲ್ಲಿ ಕಟ್ಟಿ ತೋರಿಸಿದ್ದರು. ಆದರೆ ಅದು ಮುಖ್ಯವಾಗಿ ಕ್ಯಾನ್ಸರ್ ಪೀಡಿತ ವಯಸ್ಕರನ್ನು ಮನಸ್ಸಿನಲ್ಲಿಟ್ಟುಕೊಂಡ ಮನೆ. ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯಲ್ಲಿ ನರ್ಸ್ ತರಬೇತಿ ಪಡೆದು ಮುಂದೆ ಸನ್ಯಾಸ ಸ್ವೀಕರಿಸಿದ್ದ ಸಿಸ್ಟರ್ ಫ್ರಾನ್ಸಿಸ್ ಡೊಮಿನಿಕಾ 1978ರಲ್ಲಿ ಹೆಲೆನ್ ಎಂಬ ಪುಟ್ಟ ಹುಡುಗಿಯ ಕುಟುಂಬದ ಪರಿಚಯಕ್ಕೆ ಬಂದರು. ಮೆದುಳಿನ ಗಡ್ಡೆಯ ಶಸ್ತ್ರಚಿಕಿತ್ಸೆಯ ನಂತರ ಸಂಪೂರ್ಣ ಪರಾವಲಂಬಿಯಾಗಿದ್ದ ಮಗುವನ್ನು ಹೆತ್ತವರು ಮನೆಯಲ್ಲೇ ನೋಡಿಕೊಳ್ಳುತ್ತಿದ್ದರು. ಅವರಿಗೆ ಒಂದಿಷ್ಟು ಉಸಿರಾಡಲು ಬಿಡುವಾಗಲೆಂದು ಸಿಸ್ಟರ್ ಆಗೊಮ್ಮೆ ಈಗೊಮ್ಮೆ ಆಕೆಯನ್ನು ಮಠಕ್ಕೆ ಕರೆತಂದು ಇರಿಸಿಕೊಳ್ಳುತ್ತಿದ್ದರು. ಆ ಕೈನೆರವೇ 1982ರ ನವೆಂಬರಿನಲ್ಲಿ ಎಂಟು ಮಕ್ಕಳಿಗೆ ಜಾಗವಿದ್ದ ‘ಹೆಲೆನ್ ಹೌಸ್’ ಆಯಿತು. ಜಗತ್ತಿನ ಮೊದಲ ಮಕ್ಕಳ ಹಾಸ್ಪಿಸ್ ಎಂದು ಅದನ್ನು ಗುರುತಿಸಲಾಗುತ್ತದೆ. ಅಲ್ಲಿ ‘ಪುಟ್ಟ ಕೋಣೆ’ ಎಂದೇ ಕರೆಯುವ ತಂಪು ಕೋಣೆಯೊಂದಿದೆ. ತೀರಿಕೊಂಡ ಮಗುವನ್ನು ಶವಾಗಾರಕ್ಕೆ ಒಯ್ಯದೆ ಅದರಲ್ಲಿ ಮಲಗಿಸಿ, ಅಂತ್ಯಕ್ರಿಯೆಯವರೆಗೆ ಮನೆಯವರು ಬೇಕೆಂದಾಗ ಬಳಿ ಬಂದು ಕೂರಲು ಅವಕಾಶ ಮಾಡಿಕೊಡಲಾಗುತ್ತದೆ. ಇಂಥ ಕೋಣೆ ಯಾವ ಚಿಕಿತ್ಸೆಯ ದರಪಟ್ಟಿಗೂ ಸಿಗುವಂಥದ್ದಲ್ಲ.

ಲೆಕ್ಕಕ್ಕೆ ಸಿಗದ ಈ ಗುಣವೇ ಮುಂದಿನ ತೊಡಕುಗಳ ಬೇರು. ವಯಸ್ಕರ ಹಾಸ್ಪಿಸ್ ಸಾಮಾನ್ಯವಾಗಿ ವಾರಗಳ ಲೆಕ್ಕದಲ್ಲಿ ಯೋಚಿಸುತ್ತದೆ. ಆದರೆ ಸ್ನಾಯುಗಳು ವರ್ಷದಿಂದ ವರ್ಷಕ್ಕೆ ಕ್ಷೀಣಿಸುವ ಡುಷೆನ್ ಕಾಯಿಲೆಯ ಹುಡುಗನೊಬ್ಬ ಹತ್ತು ಹದಿನೈದು ವರ್ಷ ಒಂದೇ ಮಕ್ಕಳ ಹಾಸ್ಪಿಸ್‌ಗೆ ಬಂದು ಹೋಗುತ್ತಿರಬಹುದು. 1997ರಲ್ಲಿ ಮಕ್ಕಳ ವೈದ್ಯರ ರಾಯಲ್ ಕಾಲೇಜು ಮತ್ತು ‘ಆಕ್ಟ್’ ಎಂಬ ಸಂಸ್ಥೆ ಜೊತೆಗೂಡಿ ಹೊರತಂದ ಮಾರ್ಗದರ್ಶಿಯು ಇಂಥ ಕಾಯಿಲೆಗಳನ್ನು ನಾಲ್ಕು ಗುಂಪಾಗಿ ವಿಂಗಡಿಸಿತು. ಕ್ಯಾನ್ಸರಿನಂತೆ ಗುಣವಾಗಬಹುದಾದ, ಆದರೆ ಆಗದೆಯೂ ಹೋಗಬಹುದಾದ ಕಾಯಿಲೆಗಳು ಅವುಗಳಲ್ಲಿ ಒಂದು ಗುಂಪು ಮಾತ್ರ. ಹೀಗಾಗಿ ಈ ಆರೈಕೆಯು ‘ಕೊನೆಯ ದಿನಗಳ’ ಸೇವೆ ಎಂಬ ತಿಳಿವಳಿಕೆ ಕಾಗದದ ಮೇಲಾದರೂ ಹಿಂದೆ ಸರಿಯಿತು.

ಆಸ್ಪತ್ರೆಯ ಕಡೆಯಿಂದ ಇನ್ನೊಂದು ಎಳೆ ಬಂದು ಸೇರಿತು. ವೈದ್ಯೆ ಆ್ಯನ್ ಗೋಲ್ಡ್‌ಮನ್ 1986ರಲ್ಲಿ ಗ್ರೇಟ್ ಆರ್ಮಂಡ್ ಸ್ಟ್ರೀಟ್‌ನಲ್ಲಿ ಕ್ಯಾನ್ಸರ್ ಪೀಡಿತ ಮಕ್ಕಳ ಬಾಧೆ ತಗ್ಗಿಸಲೆಂದೇ ತಂಡವೊಂದನ್ನು ಕಟ್ಟಿದರು. ಉಪಶಾಮಕ ಆರೈಕೆಯು ಮಕ್ಕಳ ವೈದ್ಯಶಾಸ್ತ್ರದ ಉಪಶಾಖೆಯೆಂದು ಅಧಿಕೃತ ಮನ್ನಣೆ ಪಡೆದದ್ದು 2009ರಲ್ಲಿ, ಅಂದರೆ ಹೆಲೆನ್ ಹೌಸ್ ಬಾಗಿಲು ತೆರೆದು 27 ವರ್ಷಗಳ ಮೇಲೆ. ಮಕ್ಕಳ ವೈದ್ಯರಾಗಿ ಪಳಗಿ, ಬಳಿಕ ಈ ಉಪಶಾಖೆಯಲ್ಲಿ ಪ್ರತ್ಯೇಕ ತರಬೇತಿ ಮುಗಿಸಿದ ಹಿರಿಯ ತಜ್ಞ ವೈದ್ಯರ ಸಂಖ್ಯೆ ಇಂದಿಗೂ ಬಹಳ ಕಡಿಮೆ. ಅನೇಕ ಹಾಸ್ಪಿಸ್‌ಗಳಲ್ಲಿ ಊರಿನ ಕುಟುಂಬ ವೈದ್ಯರೇ ವಾರಕ್ಕೆ ಕೆಲವು ಗಂಟೆ ಬಂದು ನೋಡಿ ಹೋಗುತ್ತಾರೆ. ಲಂಡನ್ನಿನಲ್ಲಿ ಈ ವಿಷಯದ ಪ್ರಾಧ್ಯಾಪಕ ಪೀಠವನ್ನು ನಡೆಸುವುದಕ್ಕೂ ದತ್ತಿನಿಧಿಯೇ ಬೇಕಾಯಿತು. ಅದನ್ನು ಅಲಂಕರಿಸಿದ ಮೈರಾ ಬ್ಲೂಬಾಂಡ್-ಲ್ಯಾಂಗ್ನರ್ ವೈದ್ಯೆಯಲ್ಲ, ಮಾನವಶಾಸ್ತ್ರಜ್ಞೆ ಎಂಬುದು ಈ ಕ್ಷೇತ್ರದ ಒಲವನ್ನು ಚೆನ್ನಾಗಿಯೇ ತಿಳಿಸುತ್ತದೆ.

ದಿನದಿನದ ಆರೈಕೆಯ ಭಾರ ಹೊರುವವರಂತೂ ನರ್ಸ್‌ಗಳೇ. ನುಂಗಲಾರದ ಮಗುವಿನ ಚರ್ಮದಡಿಗೆ ಸಣ್ಣ ಸೂಜಿ ಇಟ್ಟು, ಅಂಗೈಯಗಲದ ಬ್ಯಾಟರಿ ಪಂಪಿನಿಂದ ದಿನವಿಡೀ ಹನಿಹನಿಯಾಗಿ ಮಾರ್ಫಿನ್ ಹರಿಸಲಾಗುತ್ತದೆ. ಪ್ರಮಾಣವನ್ನು ಮಗುವಿನ ತೂಕಕ್ಕೆ ತಕ್ಕಂತೆ ಕಿಲೋ ಲೆಕ್ಕದಲ್ಲಿ ಗುಣಿಸಬೇಕು, ಬೆಳಗಿನ ಜಾವ ಎರಡು ಗಂಟೆಗೆ ಸೆಳೆತ ಬಂದರೆ ಕೆನ್ನೆಯ ಒಳಬದಿಗೆ ಮಿಡಜೋಲಮ್ ಹನಿಸಬೇಕು, ಎರಡಕ್ಕೂ ನುರಿತ ಕೈ ಬೇಕು. ಮನೆಯಲ್ಲೇ ಕಣ್ಣುಮುಚ್ಚಲು ಬಯಸುವ ಮಗುವಿಗೆ ಹಗಲಿರುಳೂ ಮಕ್ಕಳ ನರ್ಸ್ ಸಿಗಬೇಕು, ಯಾವ ಹೊತ್ತಿನಲ್ಲಾದರೂ ತಜ್ಞರ ಸಲಹೆ ದೂರವಾಣಿಯಲ್ಲಿ ದೊರೆಯಬೇಕು ಎಂದು ಸರಕಾರಿ ಮಾರ್ಗಸೂಚಿ ಸಂಸ್ಥೆ ‘ನೈಸ್’ 2016ರ ಡಿಸೆಂಬರಿನಲ್ಲಿ ಶಿಫಾರಸು ಮಾಡಿತು. ಶಿಫಾರಸು ಮಾಡುವುದು ಸುಲಭ, ಆದರೆ ಒಂದು ರಾತ್ರಿ ಪಾಳಿ ತಪ್ಪದೆ ನಡೆಯಬೇಕಾದರೆ ರಜೆ, ಕಾಯಿಲೆ, ತರಬೇತಿಗಳನ್ನೆಲ್ಲ ಲೆಕ್ಕ ಹಾಕಿ ಹಲವರನ್ನು ನೇಮಿಸಿಕೊಳ್ಳಬೇಕಾಗುತ್ತದೆ.

ಹಾಸ್ಪಿಸ್‌ಗಳಲ್ಲಿ ಆ ಸಂಬಳದ ಬಹುಪಾಲು ಬರುವುದು ಹಳೆ ಬಟ್ಟೆ ಮಾರುವ ದತ್ತಿ ಅಂಗಡಿಗಳಿಂದ, ಮ್ಯಾರಥಾನ್ ಓಟಗಾರರು ಕೂಡಿಸಿದ ಹಣದಿಂದ, ತೀರಿಕೊಂಡವರ ಉಯಿಲುಗಳಿಂದ. ಬ್ರಿಟನ್ ಸರಕಾರವು ಇಂಗ್ಲೆಂಡಿನ ಮಕ್ಕಳ ಹಾಸ್ಪಿಸ್‌ಗಳಿಗೆ 2006ರಲ್ಲಿ ಮೂರು ವರ್ಷಗಳಿಗೆಂದು 2.7 ಕೋಟಿ ಪೌಂಡ್ ಘೋಷಿಸಿದ ಮೇಲೆ ಅನುದಾನವೆಂಬುದು ಒಂದು ವಾಡಿಕೆಯಾಗಿ ಉಳಿಯಿತು. 2023-24ರ ಹೊತ್ತಿಗೆ ಅದು ವರ್ಷಕ್ಕೆ 2.5 ಕೋಟಿ ಪೌಂಡಿಗೆ ಏರಿತ್ತು. ವಾಡಿಕೆ ಎಂದರೆ ಹಕ್ಕಲ್ಲ: ಮುಂದಿನ ವರ್ಷದ ಅನುದಾನ ಉಂಟೋ ಇಲ್ಲವೋ ಎಂಬುದು ಕೊನೆಗಳಿಗೆಯವರೆಗೆ ತಿಳಿಯದಿದ್ದರೆ ನರ್ಸ್‌ಗೆ ಕಾಯಂ ನೇಮಕದ ಪತ್ರ ಕೊಡುವುದು ಯಾರ ಧೈರ್ಯ? ಅದರ ಮೇಲೆ, ಸರಕಾರವು ತನ್ನ ಆಸ್ಪತ್ರೆಗಳ ಸಿಬ್ಬಂದಿಗೆ ಸಂಬಳ ಏರಿಸಿದಾಗಲೆಲ್ಲ ಹಾಸ್ಪಿಸ್‌ಗಳೂ ಏರಿಸಲೇಬೇಕು, ಇಲ್ಲವೇ ನರ್ಸ್‌ಗಳನ್ನು ಕಳೆದುಕೊಳ್ಳಬೇಕು. ಏರಿಕೆಯ ಹಣವನ್ನು ಮಾತ್ರ ತಾವೇ ಹುಡುಕಿಕೊಳ್ಳಬೇಕು. ಹೆಲೆನ್ ಹೌಸ್‌ನ ಪಕ್ಕದಲ್ಲೇ ಬಾಲ್ಯ ದಾಟಿದವರಿಗಾಗಿ 2004ರಲ್ಲಿ ತೆರೆದ ಡಗ್ಲಸ್ ಹೌಸ್ ಹಣ ಸಾಲದೆ 2018ರಲ್ಲಿ ಮುಚ್ಚಿತು. ವೈದ್ಯಕೀಯ ಪ್ರಗತಿಯಿಂದಾಗಿ ಹೆಚ್ಚು ಕಾಲ ಬದುಕತೊಡಗಿದ ಯುವಕ ಯುವತಿಯರಿಗೆಂದೇ ಕಟ್ಟಿದ ಮನೆ ಅದು.

ಉಪಶಾಮಕ ಆರೈಕೆಯನ್ನು ಒದಗಿಸುವುದು ಸ್ಥಳೀಯ ಆರೋಗ್ಯ ಮಂಡಳಿಗಳ ಕರ್ತವ್ಯವೆಂದು 2022ರ ಕಾಯಿದೆ ಇಂಗ್ಲೆಂಡಿನಲ್ಲಿ ಸ್ಪಷ್ಟಪಡಿಸಿತಾದರೂ ಎಷ್ಟು ಖರ್ಚು ಮಾಡಬೇಕೆಂಬುದನ್ನು ಮಂಡಳಿಗಳ ವಿವೇಚನೆಗೇ ಬಿಟ್ಟಿತು. 2025ರ ಅಕ್ಟೋಬರಿನಲ್ಲಿ ಸರಕಾರವು ಮಕ್ಕಳ ಹಾಸ್ಪಿಸ್‌ಗಳಿಗೆ ಮೂರು ವರ್ಷಗಳಲ್ಲಿ ಒಟ್ಟು ಸುಮಾರು 8 ಕೋಟಿ ಪೌಂಡ್ ಕೊಡುವುದಾಗಿ ಪ್ರಕಟಿಸಿತು. ಮೊತ್ತವನ್ನು ವರ್ಷಕ್ಕೆ ಹಂಚಿ ನೋಡಿದರೆ ಹಿಂದಿನದಕ್ಕಿಂತ ಬಹಳ ದೊಡ್ಡದೇನಲ್ಲ. ಆದರೆ ಮುಂದಿನ ಮಾರ್ಚಿಗೆ ಹಣ ಬಂದೀತೇ ಎಂದು ಕಾಯದೆ ರಾತ್ರಿ ಪಾಳಿಗೆ ನರ್ಸ್ ಒಬ್ಬರನ್ನು ಮೂರು ವರ್ಷದ ಮಟ್ಟಿಗಾದರೂ ನೇಮಿಸಿಕೊಳ್ಳಬಹುದು.