ಗ್ರೈಂಡರ್ ಕೂಡ ಸ್ಥಿರಾಸ್ತಿ!

ಸ್ಥಿರಾಸ್ತಿ ಎಂದೊಡನೆ ಕಣ್ಣಮುಂದೆ ಬರುವುದು ಹೊಲ, ಮನೆ, ಸೈಟು. ಆದರೆ ಲೆಕ್ಕಪತ್ರದ ಭಾಷೆಯಲ್ಲಿ ದರ್ಶಿನಿಯ ಮೂಲೆಯಲ್ಲಿ ಗುರುಗುಟ್ಟುವ ಗ್ರೈಂಡರ್, ಬಾಗಿಲಲ್ಲಿ ನಿಂತ ಡೆಲಿವರಿ ಸ್ಕೂಟರ್ ಕೂಡ ಸ್ಥಿರಾಸ್ತಿಯೇ!

ಓಡಾಡುತ್ತದೆಯೋ ಇಲ್ಲವೋ ಎಂಬುದಲ್ಲ ಪ್ರಶ್ನೆ. ಮಾರಲಿಕ್ಕಲ್ಲದೆ, ವ್ಯವಹಾರ ನಡೆಸಲು ಒಂದು ವರ್ಷಕ್ಕಿಂತ ಹೆಚ್ಚು ಕಾಲ ಬಳಸಲೆಂದು ಕೊಂಡದ್ದೇ? ಹಾಗಿದ್ದರೆ ಸ್ಥಿರಾಸ್ತಿ. ಅದಕ್ಕೇ ಒಂದೇ ಫ್ರಿಜ್ ಅಂಗಡಿಯಲ್ಲಿದ್ದಾಗ ಮಾರಾಟದ ಸರಕು, ಹೋಟೆಲಿನ ಅಡುಗೆಮನೆ ಸೇರಿದಾಗ ಸ್ಥಿರಾಸ್ತಿ.

ಅಕ್ಕಿ, ಉದ್ದು? ಚೀಲದಲ್ಲಿದ್ದರೆ ದಾಸ್ತಾನು, ಇಡ್ಲಿಯಾಗಿ ಮಾರಿಹೋದರೆ ಖರ್ಚು.

ಗ್ರೈಂಡರ್ ಬೆಲೆ 92,000 ರೂಪಾಯಿ, ಸಾಗಣೆಗೆ 5,000, ಜೋಡಣೆಗೆ 3,000 ಎಂದುಕೊಳ್ಳಿ. ಪುಸ್ತಕಕ್ಕೇರುವುದು ಪೂರ್ತಿ 1,00,000. ಅಷ್ಟನ್ನೂ ಮೊದಲ ವರ್ಷವೇ ಖರ್ಚೆಂದು ಬರೆದರೆ ಆ ವರ್ಷದ ಲಾಭ ಕುಸಿದಂತೆ ಕಾಣುತ್ತದೆ. ಯಂತ್ರ ಮಾತ್ರ ಇನ್ನೂ ಹಲವು ವರ್ಷ ರುಬ್ಬುತ್ತಲೇ ಇರುತ್ತದೆ. ಹಾಗಾಗಿ ಖರ್ಚನ್ನು ವರ್ಷಗಳಿಗೆ ಹಂಚುತ್ತಾರೆ. ಇದೇ ಸವಕಳಿ.

ಭಾರತದ ಆದಾಯ ತೆರಿಗೆ ಲೆಕ್ಕದಲ್ಲಿ ಸಾಮಾನ್ಯ ಯಂತ್ರಗಳಿಗೆ ವರ್ಷಕ್ಕೆ 15%, ಮೇಜು ಕುರ್ಚಿಗೆ 10%, ಬೇಗ ಹಳತಾಗುವ ಕಂಪ್ಯೂಟರಿಗೆ 40%. ಪ್ರತಿವರ್ಷ ಉಳಿದ ಮೌಲ್ಯದ ಮೇಲೆಯೇ ಕಡಿತ: ಲಕ್ಷದ ಗ್ರೈಂಡರ್ ಮೊದಲ ವರ್ಷದ ಕೊನೆಗೆ 85,000, ಮರುವರ್ಷ 72,250. ಕೊಂಡ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಆ ವರ್ಷ ಅರ್ಧ ದರ ಮಾತ್ರ.

ಹೋಟೆಲಿನ ಕಟ್ಟಡಕ್ಕೂ 10% ಸವಕಳಿಯುಂಟು. ಆದರೆ ಅದರಡಿಯ ನೆಲಕ್ಕಿಲ್ಲ! ಆದ್ದರಿಂದಲೇ ಎರಡನ್ನೂ ಒಟ್ಟಿಗೆ ಕೊಂಡರೂ ಪುಸ್ತಕದಲ್ಲಿ ನೆಲದ ಬೆಲೆ ಬೇರೆ, ಕಟ್ಟಡದ ಬೆಲೆ ಬೇರೆ.